ಆರತಿ ನೀರು ಚೆಲ್ಲಿದ ಕಾರ್ಪೆಟ್

ಅರಸೀಕೆರೆಯಲ್ಲಿ ನಮ್ಮದು ಶಾಮಿಯಾನದ ಅಂಗಡಿ. ಮದುವೆಗಳಿಗೆ ಕುರ್ಚಿ, ಪಾತ್ರೆ, ಹಾಸು ಬಾಡಿಗೆಗೆ ಕೊಡುತ್ತೇವೆ. ನಾನು ಸೊಸೆಯಾಗಿ ಬಂದಾಗ ಹಾಸು ಅಂದರೆ ಹತ್ತಿಯ ಜಮಖಾನೆ. ಒಗೆದರೆ ಬೇಗ ಒಣಗದು, ಒದ್ದೆಯಾದದ್ದನ್ನು ಎತ್ತಿದರೆ ಸೊಂಟವೇ ಬಿದ್ದುಹೋಗುತ್ತಿತ್ತು. ಪಾಲಿಪ್ರೊಪಿಲೀನ್ ನೂಲಿನ ಕಾರ್ಪೆಟ್ ತರೋಣ ಎಂದು ಹಟ ಹಿಡಿದವಳು ನಾನೇ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಅಂಗಡಿಯಲ್ಲಿ ಅತ್ತೆ ಹೇಳಿದ್ದೇ ನಡೆಯಬೇಕು. "ಕೊಡ ಪ್ಲಾಸ್ಟಿಕ್ಕು, ಚೀಲ ಪ್ಲಾಸ್ಟಿಕ್ಕು, ಇನ್ನು ಹಾಸೂ ಪ್ಲಾಸ್ಟಿಕ್ಕೇನೇ?" ಎಂದು ಗೊಣಗಿ, ಕೊನೆಗೆ ಒಪ್ಪಿದರು. "ಒಂದ್ ಮದ್ವೆಗೆ ಹಾಕ್ ನೋಡು. ಕೆಟ್ರೆ ಮತ್ತೆ ಅಂಗಡಿ ವಿಷ್ಯಕ್ಕೆ ಬಾಯಿ ಹಾಕ್ಬೇಡ."

ಆ ಮದುವೆ ಹಳೇಬೀಡಿನ ಛತ್ರದಲ್ಲಿ. ಹಾಸು ಹಾಕಿಸಲು ಅತ್ತೆಯ ಜೊತೆ ನಾನೂ ಹೋಗಿದ್ದೆ. ಫೋಟೋ ಚೆನ್ನಾಗಿ ಬರಲಿ ಎಂದು ಹೆಣ್ಣಿನವರು ಬಿಳಿ ಕಾರ್ಪೆಟ್ಟನ್ನು ಬಾಗಿಲ ಆಚೆಯವರೆಗೂ ಹಾಸಿಸಿದರು. ಗಂಡು ಬಂದಿಳಿದ. ಹೆಣ್ಣಿನ ಸೋದರತ್ತೆ ಆರತಿ ಎತ್ತಿ, ಹಣೆಗಿಟ್ಟು, ತಟ್ಟೆಯ ನೀರನ್ನು ಅಲ್ಲೇ ಪಕ್ಕಕ್ಕೆ ಚೆಲ್ಲಿಬಿಟ್ಟರು. ಬಾಗಿಲ ಪಕ್ಕದ ಮಣ್ಣಿಗೆ ಚೆಲ್ಲುವುದು ಪದ್ಧತಿ. ಕೈ ಅದರ ಪಾಡಿಗೆ ಅದು ಮಾಡಿತು, ಕೆಳಗೆ ಮಣ್ಣಿಲ್ಲ ಎಂಬುದು ಆ ತಾಯಿಗೆ ಹೊಳೆಯಲೇ ಇಲ್ಲ. ಅರಿಸಿನ, ಸುಣ್ಣ ಕಲಸಿದ ಕೆಂಪು ನೀರು ಬಿಳಿ ಹಾಸಿನ ಮೇಲೆ ಹರಡಿತು. ಹತ್ತಿಯದಾಗಿದ್ದರೆ ಅದರ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಅತ್ತೆ ನನ್ನ ಮುಖವನ್ನೇ ನೋಡಿದರು. ಈ ನೂಲು ನೀರು ಕುಡಿಯುವುದಿಲ್ಲ, ಎಳೆ ತೆಗೆಯುವಾಗಲೇ ಬಣ್ಣ ಅದರೊಳಗೆ ಸೇರಿರುತ್ತದೆ, ಹೊರಗಿನ ಬಣ್ಣ ಸುಲಭಕ್ಕೆ ಹಿಡಿಯದು ಎಂದು ತಿಳಿದಿದ್ದೆ. ಮನೆಯಲ್ಲಿ ಒಂದು ತುಂಡಿಗೆ ಕಾಫಿ ಚೆಲ್ಲಿಯೂ ನೋಡಿದ್ದೆ. ಅರಿಸಿನದ ಯೋಚನೆ ಮಾತ್ರ ಬಂದಿರಲಿಲ್ಲ.

ರೇಷ್ಮೆ ಸೀರೆಯಲ್ಲೇ ಮಂಡಿಯೂರಿ ಕೂತೆ. ಮೊದಲು ಒಣಬಟ್ಟೆ ಒತ್ತಿ ನೀರು ಹೀರಿಸಿದೆ, ಆಮೇಲೆ ಸೋಪಿನ ನೀರು, ಮತ್ತೆ ಒಣಬಟ್ಟೆ. ಉಜ್ಜಲಿಲ್ಲ, ಬರೀ ಒತ್ತಿದೆ. ಬಟ್ಟೆ ಕೆಂಪಾಗುತ್ತ ಹೋಯಿತು, ಹಾಸು ಬೆಳ್ಳಗಾಗುತ್ತ ಬಂತು. ಗಂಡು ಪಂಚೆ ಉಟ್ಟು ಹಸೆಮಣೆಗೆ ಬರುವಷ್ಟರಲ್ಲಿ ಅಲ್ಲಿ ಗುರುತೇ ಇರಲಿಲ್ಲ. ನಾನು ಎಷ್ಟು ಹಿಗ್ಗಿದೆ ಎಂದರೆ, ಮಾಂಗಲ್ಯಧಾರಣೆ ಆದದ್ದೇ ನನಗೆ ಗೊತ್ತಾಗಲಿಲ್ಲ.

ಛತ್ರದ ಮಾಲೀಕರು ಬಗ್ಗಿ ಬೆರಳಾಡಿಸಿ ನೋಡಿ, ಅತ್ತೆಯ ಕಡೆ ತಿರುಗಿದರು. "ಇನ್ಮೇಲೆ ನಮ್ ಛತ್ರದ್ ಮದ್ವೆಗೆಲ್ಲ ಇದನ್ನೇ ಹಾಕ್ಸಿ ಕಣ್ರೀ. ಆಯ್ತದಾ?"

"ನನ್ನೇನ್ ಕೇಳ್ತೀರಾ?" ಎಂದರು ಅತ್ತೆ. "ಯಜಮಾನ್ತಿ ಅಲ್ ಕೂತವ್ಳೆ, ಅವಳ್ನೇ ಕೇಳಿ."

ನಾನು ಎದ್ದು, ಸೆರಗು ಸರಿಮಾಡಿಕೊಂಡು, "ಆಗುತ್ತೆ" ಎಂದೆ.