ದಿಗ್ಗೇವಾಡಿಯ ಕಬ್ಬಿನಲ್ಲಿ ಇಳಿದ ರಾಕೆಟ್

ಪುಣೆಯಲ್ಲಿ ವಿಜ್ಞಾನ ಉಪನ್ಯಾಸಕರಿಗೆ ಮೂರು ದಿನದ ತರಬೇತಿ ಇತ್ತು. ಕೊನೆಯ ದಿನ ಚೀಟಿ ಎತ್ತಿದರು, ನನ್ನದು ಬಂತು. ಬಹುಮಾನವೆಂದು ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ನನ್ನ ಕೈಗೆ ಕೊಟ್ಟರು. ಒಳಗಿದ್ದದ್ದು ಮಾದರಿ ರಾಕೆಟ್ಟಿನ ಬಿಡಿಭಾಗಗಳು. ಜೋಡಿಸಿ ನಿಲ್ಲಿಸಿದರೆ ಆರೂವರೆ ಅಡಿ, ಅಂದರೆ ನನಗಿಂತ ಒಂದು ಮೊಳ ಎತ್ತರ. ನಿಪ್ಪಾಣಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್ ಇದೇನು ಎಂದು ಕೇಳಿದರು. ರಾಕೆಟ್ ಎಂದೆ. ಅವರು ಇನ್ನೇನೂ ಕೇಳದೆ ಅದನ್ನು ಡ್ರೈವರ್ ಸೀಟಿನ ಹಿಂದೆ ಅಡ್ಡ ಇಡಿಸಿದರು.

ಚಿಕ್ಕೋಡಿಯ ಮನೆಯಲ್ಲಿ ಆಗ ನಾವು ಮೂವರು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಅವ್ವ ಅಂಗನವಾಡಿಯ ಕೆಲಸದಿಂದ ನಿವೃತ್ತಳಾಗಿದ್ದಳು. ಅಪ್ಪ ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು, ಬಸ್ಸಿನಲ್ಲಿ ಕೂತದ್ದಕ್ಕಿಂತ ಬಸ್ಸಿನ ಕೆಳಗೆ ಮಲಗಿದ್ದೇ ಹೆಚ್ಚು. ಅದಕ್ಕೆ ಹಿಂದಿನ ವರ್ಷ ಅವನಿಗೆ ಲಕ್ವಾ ಹೊಡೆದಿತ್ತು. ಮಾತು ಮರಳಿತು, ಕಾಲು ಮರಳಿತು, ಬಲಗೈ ಮಾತ್ರ ಅರ್ಧ ಮರಳಿತು. ಡಾಕ್ಟರು ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅಪ್ಪ ಅದನ್ನು ಕಪಾಟಿನ ಮೇಲೆ ಇಟ್ಟು ಟಿವಿ ನೋಡುತ್ತ ಕೂರುತ್ತಿದ್ದ.

ಪೆಟ್ಟಿಗೆಯನ್ನು ನಡುಮನೆಯಲ್ಲಿ ಬಿಚ್ಚಿದೆ. ಗಟ್ಟಿ ರಟ್ಟಿನ ಎರಡು ಕೊಳವೆ, ಪ್ಲಾಸ್ಟಿಕ್ಕಿನ ಚೂಪು ಮೂತಿ, ಪ್ಲೈವುಡ್ಡಿನ ನಾಲ್ಕು ರೆಕ್ಕೆ, ಕಟ್ಟಿಗೆಯ ಬಳೆಗಳು, ಉದ್ದ ಲಾಡಿ, ಕಿತ್ತಳೆ ಬಣ್ಣದ ಪ್ಯಾರಾಶೂಟ್. ಎಂಜಿನ್ ಇರಲಿಲ್ಲ. ಅದು ಇಂಧನ ತುಂಬಿದ ಒಂದು ಕೊಳವೆ, ಅಂಗಡಿಯಲ್ಲಿ ಸಿಗುವುದಲ್ಲ. ರಾಕೆಟ್ ಸಿದ್ಧವಾದಾಗ ಪುಣೆಯ ಹವ್ಯಾಸಿಗಳ ಗುಂಪಿನವರು ತಮ್ಮ ಲೈಸೆನ್ಸಿನ ಮೇಲೆ ತಾವೇ ತಂದು ಹಾರಿಸಿಕೊಡುವುದಾಗಿ ಹೇಳಿದ್ದರು.

ಅಪ್ಪ ಮೊದಲ ವಾರ ಅದರತ್ತ ತಿರುಗಿಯೂ ನೋಡಲಿಲ್ಲ. ಎರಡನೆಯ ವಾರ ನಾನು ಕಾಲೇಜಿನಿಂದ ಬಂದಾಗ ಜೋಡಣೆಯ ನಕ್ಷೆ ಅವನ ತೊಡೆಯ ಮೇಲಿತ್ತು. ಇಂಗ್ಲಿಷ್ ಅವನಿಗೆ ಅಷ್ಟಕ್ಕಷ್ಟೇ, ಆದರೆ ನಕ್ಷೆ ನನಗಿಂತ ಚೆನ್ನಾಗಿ ಓದುತ್ತಿದ್ದ. ಒಳಗಿನ ಬಳೆಯೊಂದನ್ನು ನಾನು ತಿರುವುಮುರುವು ಕೂರಿಸಿದ್ದನ್ನು ತೋರಿಸಿದ. ಅಂದಿನಿಂದ ದಿನಾ ಸಂಜೆ ಐದರಿಂದ ಏಳರವರೆಗೆ ಇಬ್ಬರೂ ಕೂರತೊಡಗಿದೆವು. ಉಜ್ಜುವ ಕೆಲಸ ಅವನದು. ಉಸುಕಿನ ಕಾಗದವನ್ನು ಬಲಗೈಗೆ ಬಟ್ಟೆಯಿಂದ ಕಟ್ಟಿಕೊಂಡು ರೆಕ್ಕೆಗಳ ಅಂಚು ತಿಕ್ಕುತ್ತಿದ್ದ. ಅಂಟು ಹಾಕುವ ಕೆಲಸ ನನ್ನದು.

ಜಗಳ ಆದದ್ದು ಮೂರನೆಯ ರೆಕ್ಕೆಗೆ. ನಾನು ಹಚ್ಚಿದ ಆ ರೆಕ್ಕೆ ಒಂದು ಕೂದಲೆಳೆಯಷ್ಟು ವಾಲಿತ್ತು. ಅಪ್ಪ ಲಂಬಕೋನ ನೋಡುವ ಕಬ್ಬಿಣದ ಪಟ್ಟಿ ಇಟ್ಟು ತೋರಿಸಿದ. ಇಷ್ಟು ವ್ಯತ್ಯಾಸದಿಂದ ಏನೂ ಆಗುವುದಿಲ್ಲ, ಸ್ವಲ್ಪ ಗಿರಗಿರ ತಿರುಗುತ್ತದೆ ಅಷ್ಟೇ ಎಂದು ನಾನು ವಾದಿಸಿದೆ. ನಾನು ಪಾಠ ಹೇಳುವ ವಿಷಯ ಅದು. ಮರುದಿನ ಮಧ್ಯಾಹ್ನ ಮನೆಗೆ ಬಂದರೆ ಅಪ್ಪ ಆ ರೆಕ್ಕೆಯನ್ನು ಉಳಿಯಿಂದ ಎಬ್ಬಿಸಿ ತೆಗೆದಿದ್ದ. ಕೊಳವೆಯ ಮೈ ಅಲ್ಲಲ್ಲಿ ಸುಲಿದಿತ್ತು.

ನನಗೆ ತಡೆಯಲಾಗಲಿಲ್ಲ. "ಕಿತ್ತೇನೋ ಕಿತ್ತಿ. ಹಚ್ಚಾಕ ಆಗತೈತೇನು ನಿನ್ನ ಕೈಲೆ?" ಎಂದುಬಿಟ್ಟೆ.

ಅಪ್ಪ ತನ್ನ ಬಲಗೈ ನೋಡಿಕೊಂಡ. ಅಡುಗೆಮನೆಯಲ್ಲಿ ಅವ್ವ ಲಟ್ಟಿಸುವುದನ್ನು ನಿಲ್ಲಿಸಿದಳು. ನಾನು ಬ್ಯಾಗು ಇಟ್ಟು ಒಳಗೆ ಹೋದೆ.

ನಾಲ್ಕು ದಿನ ಇಬ್ಬರೂ ಮಾತಾಡಲಿಲ್ಲ. ಸಂಜೆ ನಾನು ಪೇಪರು ತಿದ್ದುತ್ತ ನನ್ನ ಕೋಣೆಯಲ್ಲೇ ಉಳಿದೆ. ಅಪ್ಪ ಹೊರಗೆ ಹಳೆಯ ಅಂಟನ್ನು ಕೆರೆಯುವ ಸದ್ದು ಕೇಳುತ್ತಿತ್ತು. ಅದು ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಗುತ್ತಿತ್ತು. ಐದನೆಯ ದಿನ ಹೊರಗೆ ಬಂದೆ. ಅವನು ಹೊಸದಾಗಿ ಅಂಟು ಕಲೆಸಿ, ರೆಕ್ಕೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಮೊಣಕೈಯಿಂದ ಕೊಳವೆ ಉರುಳದಂತೆ ಒತ್ತಿ ಕೂತಿದ್ದ. ಅಂಟು ಬಿಗಿಯಲು ಅರ್ಧ ಗಂಟೆ ಬೇಕು. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದನೋ, ಹಣೆಯ ಬೆವರು ಮೂಗಿನವರೆಗೆ ಇಳಿದಿತ್ತು.

"ಅಪ್ಪಾ, ತಪ್ಪಾತು," ಎಂದೆ.

"ಅದು ಇರ್ಲಿ. ಮೊದಲ ಈ ಕಡೆ ಹಿಡಿ," ಎಂದ.

ಹಿಡಿದೆ. ಅಂಟು ಬಿಗಿದ ಮೇಲೆ, ನಾಲ್ಕನೆಯದನ್ನೂ ಹಾಗೇ ಹಚ್ಚಿ, ಕೊಳವೆಯ ತುದಿಗೆ ಕಣ್ಣಿಟ್ಟು ನೋಡಿದೆ. ನಾಲ್ಕೂ ರೆಕ್ಕೆ ನೆಟ್ಟಗಿದ್ದವು. ಮಾರನೆಯ ದಿನ ರಾಕೆಟ್ಟನ್ನು ನಡುವಿನಲ್ಲಿ ದಾರಕ್ಕೆ ತೂಗುಹಾಕಿ ತೂಕ ನೋಡಿದಾಗ ಬಾಲ ಭಾರವಾಗಿತ್ತು. ಮೂತಿಯ ಕಡೆ ಭಾರ ಇರದಿದ್ದರೆ ಅದು ಆಕಾಶದಲ್ಲಿ ಲಾಗ ಹಾಕುತ್ತದೆ. ಅಪ್ಪ ಪರಿಚಯದ ಗ್ಯಾರೇಜಿನಿಂದ ಗಾಲಿಗೆ ಹಚ್ಚುವ ಸೀಸದ ತುಂಡುಗಳನ್ನು ತರಿಸಿ ಮೂತಿಯೊಳಗೆ ಕೂರಿಸಿದ. ಎರಡು ತುಂಡು ಸಾಕಾದವು.

ಇನ್ನು ಬೇಕಾದದ್ದು ಬಯಲು. ಚಿಕ್ಕೋಡಿಯ ಸುತ್ತ ಎಲ್ಲಿ ನೋಡಿದರೂ ಮನೆ, ಇಲ್ಲವೆ ವಿದ್ಯುತ್ ತಂತಿ. ನಮ್ಮ ಮೂಲ ಊರು ರಾಯಬಾಗ ತಾಲೂಕಿನ ದಿಗ್ಗೇವಾಡಿ. ಅಲ್ಲಿ ಕೃಷ್ಣಾ ನದಿಯ ಕಡೆ ದೊಡ್ಡ ಕಬ್ಬಿನ ಹೊಲವಿದ್ದ ಒಬ್ಬ ಸಾವ್ಕಾರರಿದ್ದರು, ಅಪ್ಪನಿಗಿಂತ ಹತ್ತು ವರ್ಷ ದೊಡ್ಡವರು. ಜನವರಿಯಲ್ಲಿ ಕಬ್ಬು ಕಡಿದ ಭಾಗ ಖಾಲಿ ಇರುತ್ತದೆ. ಅವರನ್ನು ಕೇಳೋಣ ಎಂದೆ. ಅಪ್ಪನ ಮುಖ ಬಿಗಿಯಿತು.

"ನಮ್ಮಪ್ಪ ಅವರ ಹೊಲದಾಗ ವರ್ಷದ ಆಳಾಗಿ ದುಡದಾನ," ಎಂದ. "ಆ ಹೊಲ ಆಟಕ್ಕ ಕೊಡ್ರಿ ಅಂತ ನಾ ಹ್ಯಾಂಗ ಕೇಳ್ಲಿ?"

ನಾನೇ ಕೇಳುತ್ತೇನೆ, ನೀನು ಬರಬೇಡ ಎಂದೆ. ಅಪ್ಪ ಎರಡು ದಿನ ಯೋಚಿಸಿದ. ಮೂರನೆಯ ದಿನ ಬಿಳಿ ಅಂಗಿ ತೊಟ್ಟು ತಾನೇ ಹೊರಟ, ನಾನು ಹಿಂದೆ ಹೋದೆ. ಸಾವ್ಕಾರರು ತೋಟದ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಅಪ್ಪನಿಗೆ "ಬಾರಪಾ" ಎಂದರು, ನನಗೆ "ಬರ್ರಿ ಮೇಡಂ" ಎಂದರು. ಚಿಕ್ಕಂದಿನಲ್ಲಿ ಅಪ್ಪ ಅವರನ್ನು ಧಣಿ ಎಂದು ಕರೆಯುತ್ತಿದ್ದನಂತೆ. ಅವತ್ತು "ಅಣ್ಣಾರ" ಎಂದ. ಕುರ್ಚಿ ತರಿಸಿದರು, ಅಪ್ಪ ಕೂತ. ನಾನು ಫೋನಿನಲ್ಲಿ ರಾಕೆಟ್ಟಿನ ಚಿತ್ರ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, ಬೆಂಕಿ ಎಷ್ಟು ಬರುತ್ತದೆ, ಎಲ್ಲಿ ಬೀಳುತ್ತದೆ ಎಂದು ಎರಡೇ ಪ್ರಶ್ನೆ ಕೇಳಿದರು. ಒಣಗಿದ ರವದಿಗೆ, ಅಂದರೆ ಕಬ್ಬಿನ ತರಗಿಗೆ, ಕಿಡಿ ತಾಗಿದರೆ ಪಕ್ಕದ ಹನ್ನೆರಡು ಎಕರೆ ನಿಂತ ಕಬ್ಬು ಸುಟ್ಟುಹೋಗುತ್ತದೆ. ಅಪ್ಪ ಅದಕ್ಕೆ ಉತ್ತರ ಸಿದ್ಧ ಮಾಡಿಕೊಂಡೇ ಬಂದಿದ್ದ. ನಡುವಿನ ಜಾಗದ ರವದಿ ಬಳಿದು ಬರಿ ಮಣ್ಣು ಮಾಡುತ್ತೇವೆ, ನೀರಿನ ಟ್ಯಾಂಕರ್ ಬದಿಗೆ ನಿಲ್ಲಿಸುತ್ತೇವೆ ಎಂದ. ಅವರು ಟ್ಯಾಂಕರ್ ತಮ್ಮದೇ ಕೊಡುವುದಾಗಿ ಹೇಳಿದರು. ಚಹಾ ಬಂತು. ಮೂವರಿಗೂ ಒಂದೇ ತರಹದ ಸ್ಟೀಲ್ ಲೋಟ. ಬಸ್ಸಿನಲ್ಲಿ ಮರಳುವಾಗ ಅಪ್ಪ ಹೊಲದ ಬಗ್ಗೆಯೇ ಮಾತಾಡಿದ.

ಪೊಲೀಸ್ ಠಾಣೆಗೆ ಅರ್ಜಿ ಕೊಟ್ಟೆವು. ಪುಣೆಯಿಂದ ಬಂದ ಕಾಗದಗಳನ್ನೆಲ್ಲ ನೋಡಿ ಒಪ್ಪಿಗೆ ಕೊಟ್ಟರು. ಜನವರಿಯ ಒಂದು ಭಾನುವಾರ ಬೆಳಿಗ್ಗೆ ಪುಣೆಯ ಗುಂಪಿನಿಂದ ನಿವೃತ್ತ ಎಂಜಿನಿಯರ್ ಒಬ್ಬರು ತಮ್ಮ ಹೆಂಡತಿಯೊಂದಿಗೆ ಕಾರಿನಲ್ಲಿ ಬಂದರು. ಅವರಿಗೆ ಕನ್ನಡ ಬಾರದು. ಅಪ್ಪನೇ ಮರಾಠಿಯಲ್ಲಿ ಎಲ್ಲ ವಿವರಿಸಿದ. ಎಂಜಿನಿಯರ್ ರೆಕ್ಕೆಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿ, ಯಾರು ಹಚ್ಚಿದ್ದು ಎಂದು ಕೇಳಿದರು. ಮಗಳು ಎಂದ ಅಪ್ಪ. ನಾನು ತಿದ್ದಲು ಹೋದೆ. ಅಷ್ಟರಲ್ಲಿ ಅವನು ರಾಕೆಟ್ ನಿಲ್ಲಿಸುವ ಹಳಿ ನೆಡುವ ಕಡೆ ಹೋಗಿಬಿಟ್ಟಿದ್ದ.

ಅಲ್ಯುಮಿನಿಯಮ್ಮಿನ ಹಳಿಗೆ ರಾಕೆಟ್ ಏರಿಸಿ, ತಂತಿ ಎಳೆದು, ಎಲ್ಲರೂ ನೂರು ಹೆಜ್ಜೆ ಹಿಂದೆ ಬದುವಿನ ಮೇಲೆ ನಿಂತೆವು. ಸಾವ್ಕಾರರು ಟ್ಯಾಂಕರಿನ ಪಕ್ಕ ಪೈಪು ಹಿಡಿದೇ ನಿಂತಿದ್ದರು. ನಾನು ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಕಿಡಿ ಹಚ್ಚುವ ತಂತಿ ಕೆಟ್ಟಿತ್ತು. ಹತ್ತು ನಿಮಿಷ ಕಾಯಬೇಕೆಂದು ಎಂಜಿನಿಯರ್ ಹೇಳಿದರು, ಕಾದೆವು. ಅವರು ಹೋಗಿ ತಂತಿ ಬದಲಿಸಿ ಬಂದರು. ಈ ಸಲ ಗುಂಡಿಯನ್ನು ಅಪ್ಪನ ಕೈಗೆ ಕೊಟ್ಟೆ. ಅವನು ಅದನ್ನು ಎಡಗೈಯಲ್ಲಿ ಹಿಡಿದು ಬಲಗೈ ಹೆಬ್ಬೆರಳಿನಿಂದ ಒತ್ತಿದ. ಹೆಬ್ಬೆರಳಿಗೆ ಬಲ ಸಾಲದೆ ಎರಡು ಸಲ ಒತ್ತಬೇಕಾಯಿತು.

ಲಾರಿಯ ಟೈರಿನ ಗಾಳಿ ಒಮ್ಮೆಲೇ ಬಿಟ್ಟಂಥ ಸದ್ದು, ಆದರೆ ನಿಲ್ಲದೆ ಉದ್ದಕ್ಕೆ ಎಳೆದ ಸದ್ದು. ಹೊಗೆ ಕಾಣುವ ಹೊತ್ತಿಗೆ ರಾಕೆಟ್ ಹಳಿಯ ಮೇಲೆ ಇರಲಿಲ್ಲ. ತಲೆ ಎತ್ತಿ ನೋಡಿದರೆ ಬೆಂಕಿಯ ಒಂದು ಚುಕ್ಕೆ, ಆಮೇಲೆ ಅದೂ ಇಲ್ಲ, ಬರಿ ಬಿಳಿ ಗೆರೆ. ಒಂದಿಷ್ಟೂ ತಿರುಗದೆ ನೆಟ್ಟಗೆ ಹೋಯಿತು. ಎಷ್ಟೋ ಹೊತ್ತಿನ ಮೇಲೆ ಎಂಬಂತೆ ಮೇಲೆ ಪಟ್ ಎಂದಿತು, ಕಿತ್ತಳೆ ಬಣ್ಣ ಅರಳಿತು. ಎಂಜಿನಿಯರರ ಹೆಂಡತಿ ಚಪ್ಪಾಳೆ ತಟ್ಟಿದರು. ಅಪ್ಪ ಬಾಯಿ ತೆರೆದು ನೋಡುತ್ತಿದ್ದ.

ಮೇಲಿನ ಗಾಳಿಯ ಲೆಕ್ಕ ನಮಗೆ ತಪ್ಪಿತ್ತು. ಪ್ಯಾರಾಶೂಟ್ ನದಿಯ ಕಡೆ ಸರಿಯುತ್ತ ಹೋಗಿ ನಿಂತ ಕಬ್ಬಿನ ನಡುವೆ ಇಳಿದು ಕಾಣದಾಯಿತು. ನಾಲ್ಕು ತಾಸು ಹುಡುಕಿದೆವು. ಎರಡು ಆಳೆತ್ತರದ ಕಬ್ಬಿನೊಳಗೆ ಹತ್ತು ಹೆಜ್ಜೆ ಹೋದರೆ ದಿಕ್ಕು ತಿಳಿಯುವುದಿಲ್ಲ. ಎಲೆಯ ಅಂಚು ಮುಖ, ಕತ್ತು, ಕೈ ಎಲ್ಲ ಗೀರಿತು. ಮಧ್ಯಾಹ್ನ ಪುಣೆಯವರು ಊಟ ಮಾಡಿ ಹೊರಟರು. ಸಾವ್ಕಾರರು, ಬುಧವಾರ ಕಬ್ಬು ಕಡಿಯುವ ಕೂಲಿಗಳ ಟೋಳಿ ಬರುತ್ತದೆ, ಕಡಿಯುತ್ತ ಹೋದಂತೆ ಸಿಗುತ್ತದೆ ಎಂದರು. ನನಗೆ ಸಮಾಧಾನವಾಗಲಿಲ್ಲ. ಕಬ್ಬಿನ ಜೊತೆ ಕಟ್ಟು ಕಟ್ಟಿ ಟ್ರ್ಯಾಕ್ಟರಿಗೆ ಹೇರಿಬಿಟ್ಟರೆ ಕಾರ್ಖಾನೆಯ ಗಾಣಕ್ಕೆ ಹೋಗುತ್ತಿತ್ತು.

ಬುಧವಾರ ನನಗೆ ಪರೀಕ್ಷೆಯ ಕೆಲಸ, ರಜೆ ಸಿಗಲಿಲ್ಲ. ಸಂಜೆ ಮನೆಗೆ ಬಂದರೆ ಅಪ್ಪ ಇಲ್ಲ. ಬೆಳಿಗ್ಗೆ ಎಂಟರ ಬಸ್ಸಿಗೆ ದಿಗ್ಗೇವಾಡಿಗೆ ಹೋದ ಎಂದಳು ಅವ್ವ. ಲಕ್ವಾ ಹೊಡೆದ ಮೇಲೆ ಅವನು ಒಬ್ಬನೇ ಓಣಿಯ ತಿರುವು ದಾಟಿರಲಿಲ್ಲ. ನೀನಾದರೂ ತಡೆಯಬಾರದಿತ್ತೇ ಎಂದು ಕೇಳಿದೆ. ಬುತ್ತಿ ಕಟ್ಟಿಕೊಡು ಅಂದ, ಕಟ್ಟಿಕೊಟ್ಟೆ ಎಂದಳು. ಏಳು ಗಂಟೆಗೆ ಅಪ್ಪ ಅಂಗಿಯ ತುಂಬ ಧೂಳಾಗಿ ಬಂದ. ಸಿಗಲಿಲ್ಲ, ಮೂರು ಎಕರೆ ಮುಗಿಯಿತು ಎಂದ. ಗುರುವಾರ ಮತ್ತೆ ಹೋದ. ಶುಕ್ರವಾರವೂ ಹೋದ. ಕಡಿಯುವವರ ಹಿಂದೆ ಬದುವಿನ ಮೇಲೆ ಕೂತು, ಪ್ರತಿ ಸಾಲು ಬೀಳುವುದನ್ನು ನೋಡುತ್ತಿದ್ದನಂತೆ. ಶುಕ್ರವಾರ ಎರಡನೆಯ ಪಿರಿಯಡ್ ಮುಗಿಸಿ ಬರುವಾಗ ಫೋನ್ ಬಂತು.

"ಸಿಕ್ತು," ಎಂದ ಅಪ್ಪ. ಕೂಡಲೇ ಫೋನ್ ಇಟ್ಟ.

ಸಂಜೆ ರಾಕೆಟ್ಟನ್ನು ಬಿಚ್ಚಿ ಎರಡು ಭಾಗ ಮಾಡಿ, ಹಗ್ಗ ಸುತ್ತಿ ಬಸ್ಸಿನಲ್ಲೇ ತಂದ. ಇಬ್ಬನಿಗೆ ಕೊಳವೆಯ ಕೆಳಗಿನ ಅಂಚು ಸ್ವಲ್ಪ ಉಬ್ಬಿತ್ತು, ಉಳಿದದ್ದೆಲ್ಲ ಸರಿಯಿತ್ತು. ಪ್ಯಾರಾಶೂಟ್ ಮಾತ್ರ ಇರಲಿಲ್ಲ. ಎಲ್ಲಿ ಎಂದೆ.

"ಸಿಕ್ಕಿದ್ದ ಆ ಟೋಳ್ಯಾಗಿನ ಒಬ್ಬ ಹೆಣ್ಮಗಳಿಗೆ," ಎಂದ. "ಈ ಬಟ್ಟಿ ಇಟಕೊಳ್ಲೇನ ಅಂತ ಕೇಳಿದ್ಲು. ಕೊಟ್ಟೆ."

ನನಗೆ ಸಿಟ್ಟು ಬಂತು. ಅಂಥದ್ದು ಇಲ್ಲಿ ಎಲ್ಲಿಯೂ ಸಿಗುವುದಿಲ್ಲ, ಅದಿಲ್ಲದೆ ರಾಕೆಟ್ ಇನ್ನೊಮ್ಮೆ ಹಾರುವುದಿಲ್ಲ ಎಂದು ಹೇಳಿದೆ. ಅಪ್ಪ ಬೂಟು ಬಿಚ್ಚುತ್ತ ಕೇಳಿಸಿಕೊಂಡ, ವಾಪಸು ಕೇಳುತ್ತೇನೆ ಎನ್ನಲಿಲ್ಲ. ಭಾನುವಾರ ನಾನೇ ಹೋದೆ. ಟೋಳಿಯವರು ಮರಾಠಿ ನಾಡಿನ ಬೀಡ ಕಡೆಯವರು, ಹೊಲದ ಅಂಚಿನಲ್ಲಿ ಗುಡಿಸಲು ಹಾಕಿದ್ದರು. ಕಿತ್ತಳೆ ಬಟ್ಟೆ ದೂರದಿಂದಲೇ ಕಂಡಿತು. ಎತ್ತಿನ ಗಾಡಿಯ ಕೆಳಗೆ ಸೀರೆಯ ಜೋಳಿಗೆಯಲ್ಲಿ ಕೂಸು ಮಲಗಿತ್ತು, ಬಿಸಿಲು ಬರುವ ಕಡೆಗೆ ತಾಯಿ ಆ ಬಟ್ಟೆಯನ್ನು ಕಟ್ಟಿದ್ದಳು. ಆಕೆಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ನಾನು ಯಾರೆಂದು ಹೇಳಿದ ಕೂಡಲೇ ಬಿಚ್ಚಲು ಎದ್ದಳು. ಬೇಡ ಎಂದೆ. ಆಮೇಲೆ ಸ್ವಲ್ಪ ಹೊತ್ತು ಮರಾಠಿಯಲ್ಲಿ ಮಾತಾಡಿದೆವು. ಅದರೊಳಗೆ ಯಾರಾದರೂ ಕೂತಿದ್ದರೇ ಎಂದು ಕೇಳಿದಳು. ಇಲ್ಲ, ಖಾಲಿ ಎಂದೆ. ಹಾಗಾದರೆ ಒಳ್ಳೆಯದಾಯಿತು, ಸಿಕ್ಕಾಗ ಮೊದಲು ಮನುಷ್ಯರನ್ನೇ ಹುಡುಕಿದೆ ಎಂದಳು.

ಅವ್ವ ಹಳೆಯ ಕೊಡೆಗಳ ಬಟ್ಟೆ ಬಿಚ್ಚಿ, ನಾನು ಗುರುತು ಹಾಕಿಕೊಟ್ಟಂತೆ ಎಂಟು ತುಂಡು ಕತ್ತರಿಸಿ, ಹೊಲಿಗೆ ಯಂತ್ರದಲ್ಲಿ ಹೊಸ ಪ್ಯಾರಾಶೂಟ್ ಹೊಲಿದಳು. ಅದು ಕಪ್ಪು ಬಣ್ಣದ್ದು. ಮುಂದಿನ ಚಳಿಗಾಲ ಎರಡನೆಯ ಸಲ ಹಾರಿಸಿದೆವು. ಈ ಸಲ ಕಬ್ಬಿನ ಸಹವಾಸವೇ ಬೇಡವೆಂದು ಅಥಣಿ ತಾಲೂಕಿನ ಕೊಕಟನೂರಿನ ಆಚೆ ಕಲ್ಲುಭೂಮಿ ನೋಡಿದೆವು. ಊರವರ ಒಪ್ಪಿಗೆ, ಠಾಣೆಯ ಒಪ್ಪಿಗೆ ಎಲ್ಲ ಮೊದಲಿನಂತೆಯೇ. ಗಾಳಿ ಇರಲಿಲ್ಲ. ಮೊದಲ ಗುಂಡಿಗೇ ಹಾರಿತು, ಅವ್ವನ ಪ್ಯಾರಾಶೂಟ್ ಪೂರ್ತಿ ಬಿಚ್ಚಿತು, ರಾಕೆಟ್ ನಮ್ಮಿಂದ ಮೂವತ್ತು ಹೆಜ್ಜೆ ದೂರದಲ್ಲಿ ಮೆಲ್ಲಗೆ ಬಂದು ಕೂತಿತು. ಎಲ್ಲ ಸೇರಿ ಎರಡು ನಿಮಿಷವೂ ಆಗಲಿಲ್ಲ.

ಪುಣೆಯ ಎಂಜಿನಿಯರ್ ಇಷ್ಟು ಚೊಕ್ಕವಾದ ಹಾರಾಟ ತಾವು ನೋಡಿದ್ದು ಕಡಿಮೆ ಎಂದರು. ಅವ್ವ ಜಾಲಿಯ ನೆರಳಿನಲ್ಲಿ ರೊಟ್ಟಿಗಂಟು ಬಿಚ್ಚಿದಳು. ಅಪ್ಪ ಹೋಗಿ ರಾಕೆಟ್ ಎತ್ತಿಕೊಂಡು ಬಂದ, ಬಲಗೈಯನ್ನೂ ಹಚ್ಚಿ. ಅದನ್ನು ಕಾರಿಗೆ ಒರಗಿಸಿ ಕೈಗಡಿಯಾರ ನೋಡಿಕೊಂಡ. ಇನ್ನೂ ಹತ್ತೂ ಆಗಿರಲಿಲ್ಲ.

"ಇಷ್ಟಕ್ಕ ಮುಗೀತೇನು?" ಎಂದ.