ಗೆಂಟ್‌ಗೆ ಹೋದ ಸಾರಿನ ಪುಡಿ

ಕಪಾಟಿನ ಮೇಲಿಂದ ನೀಲಿ ಸೂಟ್‌ಕೇಸನ್ನು ಇಳಿಸಿ ಜಿಪ್ ಎಳೆದೆ. ಸಾರಿನ ಪುಡಿಯ ಘಾಟು ಮೂಗಿಗೆ ಬಡಿಯಿತು. ಇದನ್ನು ಎಷ್ಟು ಸಲ ಒರೆಸಿದ್ದೇನೆ, ನೈರೋಬಿಯ ಲ್ಯಾವಿಂಗ್ಟನ್ನಿನ ನಮ್ಮ ಅಂಗಳದ ಬಿಸಿಲಿಗೆ ಎಷ್ಟು ಸಲ ಬಾಯಿ ತೆರೆದು ಇಟ್ಟಿದ್ದೇನೆ! ಆದರೂ ಬೇರೆ ಯಾರದೋ ಮನೆಯ ಸಾರಿನ ಪುಡಿ ನನ್ನ ಪೆಟ್ಟಿಗೆ ಬಿಟ್ಟು ಹೋಗಲೊಲ್ಲದು. ನಗಬೇಡಿ, ಹುಡುಕಿದರೆ ನಿಮ್ಮ ಮನೆಯಲ್ಲೂ ಇಂಥದೊಂದು ಪೆಟ್ಟಿಗೆ ಸಿಕ್ಕೀತು.

ಈ ಘಾಟು ಹತ್ತಿದ್ದು ಕೆಲವು ವರ್ಷಗಳ ಹಿಂದೆ. ಆ ಡಿಸೆಂಬರಿನಲ್ಲಿ ನನಗೆ ಬೇಕಾಗಿದ್ದುದು ಒಂದೇ: ನಾಲ್ಕು ದಿನ ಒಲೆ ಹಚ್ಚದೆ ಇರುವುದು. ನಮ್ಮವರನ್ನು ಬೆಂಗಳೂರಿನ ಕಂಪನಿ ನೈರೋಬಿಗೆ ಕಳಿಸಿದಾಗಿನಿಂದ, ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದ ಅವರ ಸಹೋದ್ಯೋಗಿಗಳೆಲ್ಲರ ಭಾನುವಾರದ ಊಟ ನಮ್ಮಲ್ಲೇ. ಪಾತ್ರೆ, ಬಟ್ಟೆಯನ್ನು ಸಹಾಯಕ್ಕೆ ಬರುವ ಗ್ರೇಸ್ ನೋಡಿಕೊಂಡರೂ ಒಗ್ಗರಣೆ ನನ್ನದೇ. "ಇನ್ನಿಬ್ರು ಬರ್ತಿದಾರೆ ಕಣೇ. ಏನೂ ಮಾಡಕ್ಕೆ ಹೋಗ್ಬೇಡ, ಬರೀ ಅನ್ನ ಸಾರು ಸಾಕು" ಎಂದು ಇವರು ಫೋನ್ ಮಾಡುತ್ತಿದ್ದರು. ಬರೀ ಅನ್ನ ಸಾರು ಅನ್ನುವವರು ಯಾರೂ ಅದನ್ನು ಮಾಡಿ ನೋಡಿದವರಲ್ಲ.

ಹುಡುಕಿ ಹುಡುಕಿ ಬೆಲ್ಜಿಯಮ್ಮಿನ ಗೆಂಟ್ ಎಂಬ ಸದ್ದಿಲ್ಲದ ಊರನ್ನು ಆರಿಸಿದ್ದೆ. ಕಾಲುವೆಯ ದಂಡೆಯಲ್ಲೊಂದು ಚಿಕ್ಕ ಹೋಟೆಲು. ಕೋಣೆಯಲ್ಲಿ ಅಡುಗೆ ಮಾಡುವಂತಿಲ್ಲ ಎಂದು ಅವರು ಬರೆದಿದ್ದ ಸಾಲನ್ನು ಪ್ರೇಮಪತ್ರದಂತೆ ಮತ್ತೆ ಮತ್ತೆ ಓದಿದ್ದೆ. ಚಳಿಗೆಂದು ಇಲ್ಲಿನ ಹಳೆ ಬಟ್ಟೆಯ ಸಂತೆಯಲ್ಲಿ ಒಂದು ಉಣ್ಣೆಯ ಕೋಟನ್ನೂ ಕೊಂಡೆ. ಯೂರೋಪಿನವರು ತೊಟ್ಟು ಬಿಟ್ಟ ಕೋಟು, ನನ್ನ ಹೆಗಲೇರಿ ತವರಿಗೆ ಹೊರಟಿತ್ತು.

ಈಗ ನಮ್ಮ ಜನರ ವಿಷಯ ಹೇಳಬೇಕು. ಯಾರಾದರೂ ವಿಮಾನ ಹತ್ತುತ್ತಾರೆಂದರೆ ನೈರೋಬಿಯ ಕನ್ನಡದವರಿಗೆ ಅವರು ಮನುಷ್ಯರಾಗಿ ಕಾಣುವುದಿಲ್ಲ, ಖಾಲಿ ಕಿಲೋಗಳಾಗಿ ಕಾಣುತ್ತಾರೆ. ಹೊರಡುವ ಹಿಂದಿನ ದಿನ ಲೊರೆಶೋ ಬಡಾವಣೆಯಿಂದ ಗಿರಿಜಾ ಆಂಟಿ ಬಂದರು. ಇಲ್ಲಿನ ಕನ್ನಡ ಕೂಟದ ಹಿರಿಯರು, ನಾವು ಬಂದ ಹೊಸದರಲ್ಲಿ ಮನೆ ಹುಡುಕಿಕೊಟ್ಟವರು. ಅವರ ಹಿಂದೆ ಡ್ರೈವರು ಒಂದು ಚೀಲ ಹೊತ್ತು ಏದುಸಿರು ಬಿಡುತ್ತಿದ್ದ.

"ನಮ್ ತಂಗಿ ಮಗಳು ವಿದ್ಯಾ ಅಲ್ಲೇ ಓದ್ತಿದಾಳಮ್ಮ. ಹುಳಿಪುಡಿ, ಸಾರಿನ ಪುಡಿ, ಒಂದಿಷ್ಟು ಹಪ್ಪಳ ಅಷ್ಟೇ. ಏನೂ ಭಾರ ಇಲ್ಲ."

"ಅಯ್ಯೋ, ಅದಕ್ಕೇನಂತೆ ಆಂಟಿ, ಕೊಡಿ" ಎಂದಿತು ನನ್ನ ಬಾಯಿ. ನನ್ನನ್ನು ಕೇಳಿ ಹೇಳಿದ್ದಲ್ಲ.

ಆಗ ಹತ್ತು ವರ್ಷದ ಮಗಳು ಪುಸ್ತಕದಿಂದ ತಲೆಯೆತ್ತದೆ, "ಅಮ್ಮಾ, ಯು ಕುಡ್ ಜಸ್ಟ್ ಸೇ ನೋ" ಎಂದಳು. ಮಕ್ಕಳಿಗೇನು ಗೊತ್ತು ಎಂದುಕೊಂಡೆ.

ದಾರಿಯಲ್ಲಿ ಪೊಟ್ಟಣ ಒಡೆದು ಕೋಟು, ಶಾಲು, ಸಾಕ್ಸು ಎಲ್ಲವೂ ಸಾರಾದವು. ಅದನ್ನಾದರೂ ಸಹಿಸಬಹುದಿತ್ತು. ಗೆಂಟಿನ ರೈಲು ಸ್ಟೇಷನ್ನಿಗೆ ಬಂದಿದ್ದ ವಿದ್ಯಾ, "ಅಕ್ಕಾ, ಹೋಟ್ಲಾ? ದೊಡ್ಡಮ್ಮ ನನ್ನ ಸುಮ್ನೆ ಬಿಡ್ತಾರಾ? ನಮ್ಮನೇಲೇ ಇರ್ಬೇಕು" ಎಂದು ಕೈ ಹಿಡಿದಳು. ಇವರು ನನ್ನ ಮುಖ ನೋಡದೆ, "ಪಾಪ, ಅಷ್ಟು ಪ್ರೀತಿಯಿಂದ ಕರೀತಿದಾಳೆ" ಎನ್ನುತ್ತಾ ನಿಂತಲ್ಲೇ ಹೋಟೆಲಿಗೆ ಫೋನ್ ಮಾಡಿ ಕೋಣೆ ಬೇಡವೆಂದರು. ನಾನು ನಕ್ಕೆ. ಆ ನಗುವನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ವಿದ್ಯಾ ಒಳ್ಳೆಯ ಹುಡುಗಿ. ಆದರೆ ಅಡುಗೆ ಬರದು. ಮೊದಲ ದಿನ, "ಅಕ್ಕಾ, ಸಾರು ಹೇಗೆ ಮಾಡೋದು ತೋರ್ಸಿ". ಎರಡನೆಯ ದಿನ, "ಉಪ್ಪಿಟ್ಟು ಗಂಟಾಗ್ದೇ ಇರೋದು ಹೇಗಕ್ಕಾ?" ಮೂರನೆಯ ದಿನ ಬೇಳೆ ತಿನ್ನದೆ ಬಡವಾದ ಆರು ಮಂದಿ ಗೆಳೆಯರನ್ನು ಊಟಕ್ಕೆ ಕರೆದೇಬಿಟ್ಟಿದ್ದಳು. ಕಿಟಕಿಯಾಚೆ ಕಾಲುವೆ, ಮಂಜು, ಬಾತುಕೋಳಿ. ಈಚೆ ಕುಕ್ಕರಿನ ಮುಂದೆ ನಾನು. ಇವರು ಸೋಫಾದಲ್ಲಿ ಮಗಳ ಪಕ್ಕ ಕಾಲು ಚಾಚಿ, "ಎಷ್ಟು ರಿಲ್ಯಾಕ್ಸಿಂಗ್ ಅಲ್ವೇನೇ?" ಎಂದರು.

ಸಿಟ್ಟಿನಲ್ಲಿ ಒಣಮೆಣಸಿನಕಾಯಿ ಹಿಡಿಗಟ್ಟಲೆ ಬಿತ್ತು. ಚುಂಯ್ ಎಂದ ಒಗ್ಗರಣೆಗೆ ಎಲ್ಲರೂ ಕೆಮ್ಮಿದರು, ಆಮೇಲೆ ಚಾವಣಿಯಲ್ಲಿದ್ದ, ಹೊಗೆ ಕಂಡರೆ ಕೂಗುವ ಯಂತ್ರ ಬಾಯಿ ಬಿಟ್ಟಿತು. ಅದರ ಹಿಂದೆ ಇಡೀ ಕಟ್ಟಡದ ಗಂಟೆ. ಎಲ್ಲ ಮನೆಯವರೂ ಬೀದಿಗೆ ಇಳಿದೆವು. ಅಗ್ನಿಶಾಮಕದವರು ಬಂದು ಒಂದೊಂದೇ ಮನೆ ನೋಡಿ ಮುಗಿಸುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ. ವಿದ್ಯಾ ಅಳುಮುಖ ಮಾಡಿಕೊಂಡು ಎಲ್ಲರ ಕ್ಷಮೆ ಕೇಳುತ್ತಿದ್ದಳು. ಇವರು ಅಗ್ನಿಶಾಮಕದವರಿಗೆ ಒಗ್ಗರಣೆ ಎಂದರೇನೆಂದು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು.

ನಾನು ಮೆಲ್ಲಗೆ ಸರಿದು ಕಾಲುವೆಯ ಪಕ್ಕದ ಬೆಂಚಿನಲ್ಲಿ ಕುಳಿತೆ. ಕೆಳಗಿನ ಮನೆಯ ಅಜ್ಜಿ ಬಂದು ಪಕ್ಕದಲ್ಲಿ ಕೂತು, ತನ್ನ ಕಂಬಳಿಯ ಒಂದು ಅಂಚನ್ನು ನನ್ನ ತೊಡೆಗೆ ಎಳೆದಳು. ನನ್ನ ಕೋಟನ್ನು ಒಮ್ಮೆ ಮೂಸಿದಳು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ. ಮಾತಾಡಬೇಕಾದ ಕಷ್ಟವೇ ಇರಲಿಲ್ಲ. ಬಾತುಕೋಳಿಗಳು ಹೋದವು, ಬಂದವು. ಕೈ ಖಾಲಿಯಾಗಿತ್ತು, ಒಲೆ ಆರಿತ್ತು. ನಾನು ಬಯಸಿ ಬಂದ ರಜೆ ಅದೇ, ಅಷ್ಟೇ. ಸಂತೋಷಕ್ಕೋ ಸಿಟ್ಟಿಗೋ, ಚೆನ್ನಾಗಿ ಅತ್ತೆ. "ಬನ್ನಿ ಅಕ್ಕಾ, ಒಳಗೆ ಬಿಡ್ತಿದಾರೆ, ಹಪ್ಪಳ ಕರಿಯೋದು ಬಾಕಿ ಇದೆ" ಎಂದು ವಿದ್ಯಾ ಕರೆದಾಗ ಮೂಗು ಒರೆಸಿಕೊಂಡು ಎದ್ದೆ.

ಈಗ ನೀಲಿ ಪೆಟ್ಟಿಗೆ ಇಳಿಸಿರುವುದು ಇನ್ನೊಂದು ಪ್ರಯಾಣಕ್ಕೆ. ಮತ್ತೆ ಗೆಂಟ್‌ಗೇ, ಅದೇ ಹೋಟೆಲಿಗೆ. ಜಿಪ್ ಎಳೆದು ಇನ್ನೂ ಘಾಟು ಆರಿರಲಿಲ್ಲ, ಗಿರಿಜಾ ಆಂಟಿಯ ಫೋನು ಬಂತು.

"ಹೊರಟ್ಯಂತಲ್ಲಮ್ಮ? ವಿದ್ಯಾಗೆ ಒಂದು ಚಿಕ್ಕ ಚೀಲ..."

ಸೋಫಾದಲ್ಲಿದ್ದ ಮಗಳು ತಲೆಯೆತ್ತಿ ನೋಡಿದಳು.

"ಇಲ್ಲ ಆಂಟಿ. ಈ ಸಲ ನನ್ನ ಕೈಲಾಗಲ್ಲ."

"ಆಯ್ತು ಬಿಡಮ್ಮ, ಕೊರಿಯರ್ ಮಾಡ್ತೀನಿ. ಆರಾಮಾಗಿ ಹೋಗ್ಬಾ" ಎಂದರು.

ಅಷ್ಟೇ. ಬೇಸರವಿಲ್ಲ, ಮುನಿಸಿಲ್ಲ. ಫೋನ್ ಇಟ್ಟ ಮೇಲೆ ನನಗೆ ಬಂದಷ್ಟು ಸಿಟ್ಟು ಆ ಒಗ್ಗರಣೆಯ ದಿನವೂ ಬಂದಿರಲಿಲ್ಲ. ಇಷ್ಟು ಸುಲಭವಿತ್ತೇ ಇದು, ಇಷ್ಟು ವರ್ಷವೂ?

ಒಳಗಿಂದ ಇವರ ದನಿ: "ಇವತ್ತು ನಾಲ್ಕು ಜನ ಬರ್ತಿದಾರೆ ಕಣೇ, ಬರೀ ಅನ್ನ ಸಾರು..."

"ಇಲ್ಲ" ಎಂದ ಬಾಯಿ ಇನ್ನೂ ಬಿಸಿಯಾಗಿತ್ತು. ಇವರತ್ತ ತಿರುಗಿದೆ.