ಮೌಶಿಯ ಹೊಟ್ಟಿನ ಒಲಿ

ನನ್ನ ದಡ್ಡತನವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಖಾನಾವಳಿಯ ಮೌಶಿ, ಮಾಸ್ತರರನ್ನು ಅಣಕಿಸುವ ನನ್ನ ನಕಲಿಗೆ ಮರುಳಾಗಿದ್ದಾಳೆ ಅಂತ ತಿಳಿದಿದ್ದೆ. ನಿನ್ನೆ ಬಡಿಗೇರ ಅಂಗಡಿಯ ಮುಂದೆ ಕಟ್ಟಿಗೆ ಹೊಟ್ಟಿನ ವಾಸನೆ ಬಡಿದಾಗ ಮೊದಲು ಹಸಿವಾಯಿತು, ಆಮೇಲೆ ನಗು ಬಂತು, ಆಮೇಲೆ...

ತೊಂಬತ್ತರ ದಶಕದ ಕೊನೆಯ ಮಾತು. ಧಾರವಾಡದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೆ, ಅಂದರೆ ಓದುವವರನ್ನು ನೋಡುತ್ತಿದ್ದೆ. ಮಾಳಮಡ್ಡಿಯ ಬಾಡಿಗೆ ಖೋಲಿಯೊಂದರಲ್ಲಿ ಮೌಶಿ ಖಾನಾವಳಿ ನಡೆಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳಿಗೆ ಅದೊಂದೇ ಆಧಾರ. ಒಲೆಯ ನಡುವೆ ಖಾಲಿ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಗಟ್ಟಿಯಾಗಿ ಒತ್ತಿ, ಬಾಟಲಿ ಮೆಲ್ಲಗೆ ತಿರುವಿ ಎಳೆದರೆ ಬೆಂಕಿಗೆ ದಾರಿ. ಒತ್ತಿಕೊಟ್ಟವನಿಗೆ ಮೊದಲ ರೊಟ್ಟಿ. ನಾನು ಒತ್ತಿದ ಒಲೆ ಕುಸಿಯುತ್ತಿತ್ತು, ಹೀಗಾಗಿ ಅವರಿವರ ದನಿ ನಕಲು ಮಾಡಿ, ನಗಿಸಿ ರೊಟ್ಟಿ ಗಿಟ್ಟಿಸುತ್ತಿದ್ದೆ.

ಒಂದು ದಿನ ನಮ್ಮ ಮಾಸ್ತರರ ಸರದಿ. ಕನ್ನಡಕ ಹಣೆಗೇರಿಸಿ, ಬಡತನ ಕಳೆಯಲು ಒಂದೊಂದು ದೇಶ ಒಂದೊಂದು ದಾರಿ ಹಿಡಿಯಿತು ಅಂತ ಶುರು ಮಾಡಿದೆ. ಕೊರಿಯಾ ಕಾರ್ಖಾನೆ ಕಟ್ಟಿ ಹೊಗೆಯ ವಿಚಾರ ಆಮೇಲೆ ಮಾಡಿತು, ಶ್ರೀಲಂಕಾ ಸಾಲಿ ದವಾಖಾನೆ ಮೊದಲು ಅಂದಿತು, ಕೋಸ್ಟರಿಕಾ ಅಡವಿ ಉಳಿಸಿತು, ಚೀನಾ ಹಳ್ಳಿಗಳಲ್ಲಿ ಸಗಣಿ ಗ್ಯಾಸಿಗೆ ಗುಂಡಿ ತೋಡಿತು. ಹುಡುಗರು ಬಿದ್ದು ಬಿದ್ದು ನಕ್ಕರು. ಮೌಶಿ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ತಮ್ಮಾ, ಆ ಸಗಣಿ ಗ್ಯಾಸಿನ ದೇಶದ್ದು ಇನ್ನೊಮ್ಮಿ ಮಾಡು.”

ಮರುದಿನವೂ ಮಾಡಿಸಿದಳು. ನಾನು ಕಾಲರ್ ಏರಿಸಿಕೊಂಡೆ.

ಸಂಗತಿ ಆಮೇಲೆ ತಿಳಿಯಿತು. ಅಡವಿ ಉಳಿಸಲು ಓಣಿಯ ತುದಿಯ ಕಟ್ಟಿಗೆ ಮಿಲ್ಲು ಮುಚ್ಚುವ ಆದೇಶ ಬಂದಿತ್ತು. ಕ್ಲಾಸಿನಲ್ಲಿ ನಾವದಕ್ಕೆ ಚಪ್ಪಾಳೆ ತಟ್ಟಿದ್ದೆವು. ತಟ್ಟಬಾರದ ಮಾತೇನೂ ಅಲ್ಲ ಅದು. ಆದರೆ ಮೌಶಿಯ ಹೊಟ್ಟು ಬರುತ್ತಿದ್ದುದು ಅಲ್ಲಿಂದಲೇ.

ಸಗಣಿ ಗ್ಯಾಸು ಮೌಶಿಗೂ ಆದೀತೇ ಅಂತ ಮಾಸ್ತರರನ್ನು ಹೋಗಿ ಕೇಳಿದೆ, ನನ್ನ ಸ್ವಂತ ದನಿಯಲ್ಲಿ. ಕ್ಲಾಸಿಗೆ ಅಪರೂಪವಾದ ನನ್ನ ಗುರುತೇ ಅವರಿಗೆ ಹತ್ತಲಿಲ್ಲ. ದನ ಬೇಕು, ಗುಂಡಿಗೆ ಜಾಗ ಬೇಕು, ಬಾಡಿಗೆ ಖೋಲಿಯೊಳಗೆ ಹೆಂಗಪಾ ಅಂದು ಕನ್ನಡಕ ಒರೆಸಿಕೊಂಡರು. ಬಂದು ಹೇಳಿದರೆ, ಎಮ್ಮಿ ಎಷ್ಟು ಬೇಕಂತ ಅಂತ ಮೌಶಿ ಕೇಳಿದಳು. ಖೋಲಿಯ ನಾಲ್ಕೂ ಗೋಡೆ ನೋಡಿ ತಾನೇ ನಕ್ಕಳು.

ಮಿಲ್ಲು ಮುಚ್ಚಿತು. ಸಿಲಿಂಡರ್ ಗ್ಯಾಸಿನ ಪಾಳಿ ಬರಲು ವರ್ಷಗಳೇ ಹಿಡಿಯುತ್ತಿದ್ದ ಕಾಲ. ರೇಶನ್ನಿನ ಚಿಮಣಿ ಎಣ್ಣೆ ಸಾಲುತ್ತಿರಲಿಲ್ಲ. ಕಟ್ಟಿಗೆ ಉರಿಸಿದರೆ ಹೊಗೆಗೆ ಮೇಲಿನ ಮನೆಯ ಮಾಲಕರು ಕೆಮ್ಮುತ್ತ ಇಳಿದು ಬಂದರು. ನಾವು ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಹೋಗಿ, ಕಟ್ಟಿಗೆ ಪೆಟ್ಟಿಗೆ ಮಾಡುವವರನ್ನು ಕಾಡಿ ಬೇಡಿ, ಒಂದು ಚೀಲ ಹೊಟ್ಟು ಬಸ್ಸಿನ ಮೇಲೆ ಹಾಕಿ ತಂದೆವು. ದಾರಿಯಲ್ಲಿ ಮಳೆ. ಒಲೆಗೆ ಹಾಕಿದರೆ ಬರೀ ಬುಸ್ ಅಂದಿತು. ಇದ್ದಷ್ಟು ಚಿಮಣಿ ಎಣ್ಣೆಯಲ್ಲಿ ಮೌಶಿ ಅನ್ನವನ್ನಷ್ಟೇ ಮಾಡತೊಡಗಿದಳು. ರೊಟ್ಟಿ ಇಲ್ಲದ ಖಾನಾವಳಿಗೆ ಯಾರು ಬರುತ್ತಾರೆ? ಒಬ್ಬೊಬ್ಬರೇ ಜಾಗ ಬದಲಿಸಿದರು. ಕೊನೆಗೆ ನಾನೂ...

ಈಗ ಆ ಓಣಿಯ ಮನೆ ಮನೆಗೂ ಸಿಲಿಂಡರ್ ಬಂದಿದೆ. ಮೌಶಿಯ ಖೋಲಿಯಲ್ಲಿ ಮೊಬೈಲ್ ರಿಚಾರ್ಜ್ ಅಂಗಡಿ. ಹುಬ್ಬಳ್ಳಿಯ ತಂಗಿಯ ಮನೆಗೆ ಹೋದಳು ಅಂತಾರೆ, ಯಾವ ಓಣಿ ಅಂತ ಯಾರಿಗೂ ಗೊತ್ತಿಲ್ಲ. ನಿನ್ನೆ ಆ ಅಂಗಡಿಯವನನ್ನೂ ಕೇಳಿದೆ. ಅವನು ಎಷ್ಟರ ರಿಚಾರ್ಜ್ ಅಂದ.

ಮೌಶಿ ಖೋಲಿ ಬಿಟ್ಟ ದಿನ ಅವಳನ್ನು ನಗಿಸೋಣ ಅಂತ ಕನ್ನಡಕ ಹಣೆಗೇರಿಸಿ, ಮಾಸ್ತರರ ದನಿಯಲ್ಲಿ, ಪ್ರತಿಯೊಂದು ದೇಶಕ್ಕೂ ತನ್ನದೇ ದಾರಿ ಇರತೈತಿ ಅಂದಿದ್ದೆ. ಒಲೆಯ ಬಾಟಲಿಯನ್ನು ಸೆರಗಿನಿಂದ ಒರೆಸುತ್ತಿದ್ದವಳು ತಲೆ ಎತ್ತಲಿಲ್ಲ.

“ದೇಶಕ್ಕ ದಾರಿ ಭಾಳ ಅದಾವ ತಮ್ಮಾ. ನನಗ ಇದ್ದದ್ದು ಇದೊಂದ ಒಲಿ.”